ಯಜಮಾನರಿಗೆ ಕಡಲು, ನನಗೆ ಹಾಳೂರು

ಪ್ರಶ್ನೆ: ನಮಗಿಬ್ಬರಿಗೂ ಅರವತ್ತು ದಾಟಿದೆ. ಫೆಬ್ರವರಿಯಲ್ಲಿ ಎಂಟು ದಿನ ಶ್ರೀಲಂಕಾಕ್ಕೆ ಹೊರಟಿದ್ದೇವೆ. ನನಗೆ ಹಳೇ ಊರು, ಪಾಳುಬಿದ್ದ ಅರಮನೆ ಅಂದರೆ ಪ್ರಾಣ. ಯಜಮಾನರಿಗೆ ಸಮುದ್ರ ಒಂದಿದ್ದರೆ ಸಾಕು, ಮೇಲಾಗಿ ಮಂಡಿನೋವು. ಟೂರಿನವರು ಏಳು ಊರು ಬರೆದುಕೊಟ್ಟಿದ್ದಾರೆ. ಒಪ್ಪಿಕೊಳ್ಳಬಹುದಾ?
– ಓದುಗರು, ಶಿವಮೊಗ್ಗ

ಉತ್ತರ: ಏಳು ಊರು ಬೇಡವೇ ಬೇಡ. ಬೆಳಿಗ್ಗೆ ಬ್ಯಾಗು ಕಟ್ಟುವುದು, ರಾತ್ರಿ ಬಿಚ್ಚುವುದು, ನಡುವೆ ವ್ಯಾನಿನ ಕಿಟಕಿ, ಅಷ್ಟೇ ಆಗುತ್ತದೆ. ನಾನೂ ನಮ್ಮವರೂ ಮೊದಲ ಸಲ ಹಾಗೇ ಸುತ್ತಿದ್ದೆವು, ಎರಡನೇ ಸಲ ಹೋದಾಗಲೇ ನಿಜವಾಗಿ ನೋಡಿದ್ದು. ಎರಡೇ ಕಡೆ ಉಳಿಯಿರಿ. ಮೊದಲು ಸಿಗಿರಿಯಾ, ಆಮೇಲೆ ಕಡಲ ತೀರದ ಗಾಲೆ.

ಸಿಗಿರಿಯಾ ಐದನೇ ಶತಮಾನದಲ್ಲಿ ಕಾಶ್ಯಪ ರಾಜ ಬಂಡೆಯ ನೆತ್ತಿಯಲ್ಲಿ ಕಟ್ಟಿಸಿದ ಅರಮನೆ. ಸುಮಾರು 1200 ಮೆಟ್ಟಿಲು. ಬಿಸಿಲೇರುವ ಮೊದಲೇ ನೀವು ಹತ್ತಿ, ಯಜಮಾನರು ಕೆಳಗೆ ಕೊಳ, ಕಾಲುವೆಗಳಿರುವ ತೋಟದಲ್ಲಿ ಓಡಾಡಿಕೊಂಡಿರಲಿ. ಅದು ಸಮತಟ್ಟು, ನೋಡೋದಕ್ಕೂ ತುಂಬಾ ಇದೆ.

ಆದರೆ ನನ್ನ ಮನಸ್ಸು ನಿಂತಿರುವುದು ಹಳೇ ರಾಜಧಾನಿ ಪೊಲೊನ್ನರುವದಲ್ಲಿ. ಸಿಗಿರಿಯಾದಿಂದ ಕಾರಿನಲ್ಲಿ ಒಂದು-ಒಂದೂವರೆ ಗಂಟೆ, ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಇಲ್ಲಿ ಹನ್ನೊಂದನೇ ಶತಮಾನದಲ್ಲಿ ಚೋಳರು ಆಳಿದ್ದರು, ಅವರ ಕಾಲದ ಕಲ್ಲಿನ ಶಿವಾಲಯ ನೋಡಿದರೆ ನಮ್ಮ ಕಡೆಯ ಗುಡಿಯ ಮುಂದೆ ನಿಂತ ಹಾಗಾಗುತ್ತದೆ. ಅಲ್ಲಿನ ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ನಾಲ್ಕು ಮೂರ್ತಿ ಕೆತ್ತಿದ್ದಾರೆ, ಹನ್ನೆರಡನೇ ಶತಮಾನದಲ್ಲಿ ಪರಾಕ್ರಮಬಾಹು ರಾಜ ಮಾಡಿಸಿದ್ದು. ಮಲಗಿರುವ ಬುದ್ಧ ಸುಮಾರು 14 ಮೀಟರ್ ಉದ್ದ. ತಲೆಯ ಕೆಳಗಿನ ದಿಂಬು ನೋಡಿ, ಭಾರಕ್ಕೆ ಸ್ವಲ್ಪ ಕುಗ್ಗಿದೆ, ಅದೂ ಕಲ್ಲಿನಲ್ಲಿ! ಪಾದಗಳೂ ಒಂದಕ್ಕೊಂದು ಸರಿಯಾಗಿ ಕೂಡಿಲ್ಲ, ಒಂದು ತುಸು ಹಿಂದಿದೆ. ಅದು ನಿದ್ದೆಯಲ್ಲ, ಪರಿನಿರ್ವಾಣ, ಅಂದರೆ ಬುದ್ಧ ದೇಹ ಬಿಟ್ಟ ಗಳಿಗೆ ಅನ್ನುವುದಕ್ಕೆ ಅದೇ ಗುರುತು. ನಮ್ಮವರು ಅಲ್ಲಿ ಮಾತೇ ಆಡದೆ ಅರ್ಧ ಗಂಟೆ ಕೂತಿದ್ದರು, ಅವರೂ ನಿಮ್ಮ ಯಜಮಾನರ ಹಾಗೇ ಕಡಲಿನ ಪೈಕಿ. ಚಪ್ಪಲಿ ಬಿಡಬೇಕು, ಕಲ್ಲು ಸುಡುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಬುದ್ಧನಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ, ಅಲ್ಲಿನವರಿಗೆ ನೋವಾಗುತ್ತದೆ.

ಆಮೇಲೆ ಯಜಮಾನರ ಸರದಿ. ಕೊಲಂಬೊದಿಂದ ಗಾಲೆಗೆ ರೈಲಿನಲ್ಲೇ ಹೋಗಿ, ಬಲಗಡೆ ಕಿಟಕಿ ಹಿಡಿಯಿರಿ, ಎಷ್ಟೋ ದೂರ ಹಳಿಯ ಪಕ್ಕದಲ್ಲೇ ಅಲೆ. ಗಾಲೆ ಕೋಟೆ ಶುರು ಮಾಡಿದವರು ಪೋರ್ಚುಗೀಸರು, 1640ರಲ್ಲಿ ಗೆದ್ದುಕೊಂಡು ದೊಡ್ಡದು ಮಾಡಿದವರು ಡಚ್ಚರು. ಒಳಗೆ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. 2004ರ ಸುನಾಮಿಯಲ್ಲಿ ಹೊರಗಿನ ಊರು ಕೊಚ್ಚಿಹೋದರೂ ಈ ಗೋಡೆ ಒಳಗಿನವರನ್ನು ಬಹುಪಾಲು ಕಾಪಾಡಿತು. ಸಂಜೆ ಗೋಡೆಯ ಮೇಲೆ ನಿಧಾನಕ್ಕೆ ನಡೆಯಿರಿ, ನಿಮಗೆ ಕೋಟೆ, ಅವರಿಗೆ ಕಡಲು, ಇಬ್ಬರಿಗೂ ಒಂದೇ ದಾರಿ. ಈಜೋದಕ್ಕೆ ಉನವಟುನದ ಬೀಚು, ಆಟೋದಲ್ಲಿ ಹತ್ತಿರ. ಫೆಬ್ರವರಿಯಲ್ಲಿ ಆ ಕಡೆ ಮಳೆ ಕಡಿಮೆ, ಒಳ್ಳೇ ತಿಂಗಳು ಆರಿಸಿದ್ದೀರಿ. ಊಟದ ಚಿಂತೆ ಬೇಡ, ನಮ್ಮ ಒತ್ತು ಶಾವಿಗೆಯಂಥದ್ದೇ ಸಿಗುತ್ತದೆ, ಜೊತೆಗೆ ಕಾಯಿತುರಿಯ ಖಾರದ ಸಂಬೋಲ. ಅದರಲ್ಲಿ ಒಣಮೀನು ಹಾಕುವುದುಂಟು, ಸಸ್ಯಾಹಾರಿಗಳಾದರೆ ಮೊದಲೇ ಕೇಳಿಕೊಳ್ಳಿ.

ಟೂರಿನವರಿಗೆ ಇವತ್ತೇ ಫೋನ್ ಮಾಡಿ, ಐದು ಊರು ಹೊಡೆದುಹಾಕಿಸಿ.