ಯೂನಿಫಾರ್ಮ್ ಬಿಚ್ಚುವ ಮೊದಲು ಒಂದು ಮಾತು

ಕಳೆದ ತಿಂಗಳು ಈ ಅಂಕಣದಲ್ಲಿ ಮಾತಿಗೆ ಮಾತು ಬಂದು, 'ನಾನು ಅಮೆರಿಕದ ಆರ್ಮಿಯಲ್ಲಿ ಮೊದಲು ಮೆಡಿಕ್, ಅಂದರೆ ಗಾಯಾಳುಗಳನ್ನು ನೋಡಿಕೊಳ್ಳುವ ಸಿಪಾಯಿ ಆಗಿದ್ದೆ, ಡಾಕ್ಟರ್ ಆಗಿದ್ದು ಆಮೇಲೆ' ಅಂತ ಬರೆದಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳು ಬಿಪಿ, ಶುಗರ್ ಪತ್ರಗಳನ್ನೂ ಮೀರಿಸಿಬಿಟ್ಟವು. ಅಮೆರಿಕದ ಸೇನೆಯಲ್ಲಿ ಇಷ್ಟೊಂದು ಕನ್ನಡದ ಮಕ್ಕಳಿದ್ದಾರೆ ಅಂತ ನನಗೇ ಗೊತ್ತಿರಲಿಲ್ಲ. ಹಾಗಾಗಿ ಮಂಡಿನೋವಿನವರು ದಯವಿಟ್ಟು ಒಂದು ತಿಂಗಳು ತಡೆದುಕೊಳ್ಳಿ.

ಡಾಕ್ಟರ್ ಆಂಟಿ, ನನಗೆ 26 ವರ್ಷ. 20ಕ್ಕೆ ಆರ್ಮಿ ಸೇರಿದೆ. ಈಗ ಸಾರ್ಜೆಂಟ್, ಕಾಂಬ್ಯಾಟ್ ಮೆಡಿಕ್. ಆನ್‌ಲೈನ್‌ನಲ್ಲಿ ಹಿಸ್ಟರಿ ಡಿಗ್ರಿ ಮುಗಿಸಿದ್ದೇನೆ. ಈಗ ಮೆಡಿಕಲ್ ಓದಬೇಕು ಅಂತ ಆಸೆ. ಮುಂದಿನ ವರ್ಷ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ. 'ಮೊದಲು ಹೊರಗೆ ಬಾ, ಜಿಐ ಬಿಲ್ ದುಡ್ಡಿನಲ್ಲಿ (ಸೇನೆಯಲ್ಲಿ ದುಡಿದವರ ಓದಿಗೆ ಸರ್ಕಾರ ಕೊಡುವ ದುಡ್ಡು) ಓದು' ಅಂತ ಎಲ್ಲರೂ ಹೇಳುತ್ತಾರೆ. ಬಿಟ್ಟುಬಿಡಲಾ? (ಕನ್ನಡ ತಪ್ಪಿದ್ದರೆ ಕ್ಷಮಿಸಿ, ಅಮ್ಮ ತಿದ್ದಿದ್ದಾರೆ.)
— ಫೋರ್ಟ್ ಕಾರ್ಸನ್, ಕೊಲರಾಡೊ

ಕನ್ನಡ ಚೆನ್ನಾಗಿದೆ ಕಣಪ್ಪ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಬಿಡಬೇಡ. ಅಂದರೆ, ಈಗಲೇ ಬಿಡಬೇಡ. ನಿನಗೆ ಹೇಳಿದ ಮಾತನ್ನೇ ನನಗೂ ಒಬ್ಬರು ಹೇಳಿದ್ದರು. ನಮ್ಮ ಬೇಸ್‌ನ ಎಜುಕೇಶನ್ ಆಫೀಸಿನಲ್ಲಿ ಕೂತಿದ್ದ ಮಹಾನುಭಾವರು, ಫೈಲಿನಿಂದ ತಲೆ ಎತ್ತದೆಯೇ, 'ಸರ್ವಿಸ್‌ನಲ್ಲಿ ಇದ್ದುಕೊಂಡು ಮೆಡಿಕಲ್ ಸ್ಕೂಲ್‌ಗೆ ಅರ್ಜಿ ಹಾಕೋಕೆ ಆಗಲ್ಲ' ಅಂದರು. ನಾನು ನಂಬಿದೆ. ಹೊರಗೆ ಹೋಗುವ ಕಾಗದಪತ್ರ ಅರ್ಧ ತುಂಬಿಯೂ ಇದ್ದೆ. ಆ ವಾರ ನನ್ನ ಜೊತೆ ನೈಟ್ ಡ್ಯೂಟಿಯಲ್ಲಿದ್ದ ಒಬ್ಬ ಕ್ಯಾಪ್ಟನ್ ಡಾಕ್ಟರ್ ಕಾಫಿ ಹೀರುತ್ತಾ ಕೇಳಿದರು: 'ಬೆತೆಸ್ಡಾದಲ್ಲಿ ನಮ್ಮದೇ ಮೆಡಿಕಲ್ ಸ್ಕೂಲ್ ಇದೆ, ಗೊತ್ತಿಲ್ವಾ?' ನನಗೆ ಗೊತ್ತಿರಲಿಲ್ಲ. ಮೂರು ವರ್ಷ ಮೆಡಿಕ್ ಆಗಿದ್ದರೂ ಗೊತ್ತಿರಲಿಲ್ಲ.

ಅದೇ ಯೂನಿಫಾರ್ಮ್ಡ್ ಸರ್ವಿಸಸ್ ಯೂನಿವರ್ಸಿಟಿ. ಮೇರಿಲ್ಯಾಂಡ್‌ನ ಬೆತೆಸ್ಡಾದಲ್ಲಿದೆ. ನಾವೆಲ್ಲ ಯುಎಸ್‌ಯು ಅನ್ನುತ್ತೇವೆ. 1972ರಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿ ಹುಟ್ಟುಹಾಕಿದ್ದು. ಬಲವಂತದ ಸೇನಾ ಭರ್ತಿ ಮುಗಿಯುತ್ತಾ ಬಂದಿದ್ದ ಕಾಲ ಅದು, ಡಾಕ್ಟರುಗಳನ್ನು ಹಿಡಿದು ತರುವ ದಾರಿ ಮುಚ್ಚುತ್ತಿತ್ತು. ಹಾಗಾಗಿ ತಾವೇ ತಯಾರು ಮಾಡಿಕೊಳ್ಳೋಣ ಅಂತ ಹೊರಟರು. ಮೊದಲ ಬ್ಯಾಚ್ ಹೊರಬಂದಿದ್ದು 1980ರಲ್ಲಿ. ಅಲ್ಲಿ ಫೀಸ್ ಇಲ್ಲ. ಅಷ್ಟೇ ಅಲ್ಲ, ಸೇರಿದ ದಿನದಿಂದ ನೀನು ಆಫೀಸರ್. ಆರ್ಮಿಯಲ್ಲಾದರೆ ಸೆಕೆಂಡ್ ಲೆಫ್ಟಿನೆಂಟ್. ಸಂಬಳ, ಮನೆ ಬಾಡಿಗೆ ಭತ್ಯೆ, ಸೇನೆಯ ಆರೋಗ್ಯ ವಿಮೆ ಟ್ರೈಕೇರ್ ಎಲ್ಲಾ ನಡೆಯುತ್ತಲೇ ಇರುತ್ತದೆ. ಸಿಪಾಯಿಯಾಗಿ 4 ವರ್ಷಕ್ಕಿಂತ ಜಾಸ್ತಿ ದುಡಿದವರಿಗೆ ಒ-1ಇ ಅಂತ ಬೇರೆ ಸಂಬಳದ ದರ್ಜೆ ಇದೆ, ಅದು ಹೊಸದಾಗಿ ಬಂದ ಆಫೀಸರ್‌ನ ಸಂಬಳಕ್ಕಿಂತ ಮೇಲು. ನೀನು ಅದರಲ್ಲಿ ಬರುತ್ತೀಯ.

ಆದರೆ ಹಿಸ್ಟರಿ ಡಿಗ್ರಿ ಇಟ್ಟುಕೊಂಡು ನೇರವಾಗಿ ಅಲ್ಲಿ ಅರ್ಜಿ ಹಾಕೋಕೆ ಆಗಲ್ಲ. ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಇವೆಲ್ಲ ಲ್ಯಾಬ್ ಸಮೇತ ಬೇಕು. ಆಮೇಲೆ ಮೆಡಿಕಲ್ ಸ್ಕೂಲ್ ಪ್ರವೇಶದ ಎಂಕ್ಯಾಟ್ ಪರೀಕ್ಷೆ. ನಿನ್ನಂಥವರಿಗೇ ಅಂತ 2014ರಲ್ಲಿ ಒಂದು ಬಾಗಿಲು ತೆರೆದರು. ಅದರ ಹೆಸರು ಇಎಂಡಿಪಿ2. ಸಿಪಾಯಿ ದರ್ಜೆಯಲ್ಲಿ ಇರುವವರನ್ನು ಮೆಡಿಕಲ್ ಸ್ಕೂಲ್‌ಗೆ ತಯಾರು ಮಾಡುವ 24 ತಿಂಗಳ ಕಾರ್ಯಕ್ರಮ. ಮೊದಲು ಆರ್ಮಿ ಮತ್ತು ಏರ್ ಫೋರ್ಸ್, ಆಮೇಲೆ ನೇವಿ, ಮರೀನ್ಸ್ ಕೂಡ ಸೇರಿಕೊಂಡವು. ವರ್ಜೀನಿಯಾದ ಜಾರ್ಜ್ ಮೇಸನ್ ಯೂನಿವರ್ಸಿಟಿಯಲ್ಲಿ ಕ್ಲಾಸು. ಆ 2 ವರ್ಷ ಓದುವುದೇ ನಿನ್ನ ಡ್ಯೂಟಿ. ಸಾರ್ಜೆಂಟ್ ಸಂಬಳ ಪೂರ್ತಿ ಬರುತ್ತದೆ. ಸೈನ್ಸ್ ಪಾಠ, ಎಂಕ್ಯಾಟ್ ತಯಾರಿ, ಆಸ್ಪತ್ರೆಯಲ್ಲಿ ಡಾಕ್ಟರ್ ಹಿಂದೆ ಓಡಾಟ ಎಲ್ಲವೂ ಅದರೊಳಗೇ ಇದೆ. ನನ್ನ ಕಾಲದಲ್ಲಿ ಇದು ಇದ್ದಿದ್ದರೆ ಅಂತ ಹೊಟ್ಟೆ ಉರಿದುಕೊಳ್ಳುತ್ತೇನೆ, ನಿಜ ಹೇಳುತ್ತೇನೆ.

ಈಗ ನೋಡು, ಇದು ಸರ್ವಿಸ್‌ನಲ್ಲಿ ಇರುವವರಿಗೆ ಮಾತ್ರ. ಕಾಂಟ್ರಾಕ್ಟ್ ಮುಗಿಸಿ ಗೇಟ್ ದಾಟಿದ ದಿನ ಈ ಬಾಗಿಲು ಮುಚ್ಚುತ್ತದೆ. ಯುಎಸ್‌ಯುಗೆ ಹೊರಗಿನವರೂ ಅರ್ಜಿ ಹಾಕಬಹುದು, ಇಎಂಡಿಪಿ2ಗೆ ಆಗಲ್ಲ.

ಇನ್ನು ಆ ಜಿಐ ಬಿಲ್ ಲೆಕ್ಕ. ಪೋಸ್ಟ್ 9/11 ಜಿಐ ಬಿಲ್ ಕೊಡುವುದು ಒಟ್ಟು 36 ತಿಂಗಳ ಓದಿಗೆ. ಹೊರಗೆ ಬಂದು ಮೊದಲು ಸೈನ್ಸ್ ವಿಷಯಗಳನ್ನು ಮುಗಿಸಬೇಕು, ಅದಕ್ಕೇ ಎರಡು ಶಾಲಾ ವರ್ಷ, ಅಂದರೆ 18 ತಿಂಗಳು ಖರ್ಚು. ಮೆಡಿಕಲ್ ಸ್ಕೂಲ್‌ಗೆ ಕಾಲಿಡುವಾಗ ಕೈಯಲ್ಲಿ ಉಳಿಯುವುದು ಅರ್ಧ. ಸರ್ಕಾರಿ ಕಾಲೇಜಾದರೆ ಆ ರಾಜ್ಯದವರ ಫೀಸ್ ಪೂರ್ತಿ ಕಟ್ಟುತ್ತದೆ, ಖಾಸಗಿಯಾದರೆ ವರ್ಷಕ್ಕೆ ಇಷ್ಟೇ ಅಂತ ಮಿತಿ. ದುಬಾರಿಯಾಗಿರುವುದು ಮೆಡಿಕಲ್ ಸ್ಕೂಲ್. ಜಿಐ ಬಿಲ್ ಅಲ್ಲಿಗೆ ಉಳಿಸಿಕೊಳ್ಳದೆ ಬಯಾಲಜಿ ಕ್ಲಾಸಿಗೆ ಸುರಿದರೆ ಏನು ಬಂತು? ಒಳಗಿದ್ದಾಗಲೇ ಸೇನೆ ಫೀಸ್ ಕೊಡುವ ಟ್ಯೂಶನ್ ಅಸಿಸ್ಟೆನ್ಸ್ ಇದೆಯಲ್ಲ, ಒಂದು ಕ್ರೆಡಿಟ್‌ಗೆ 250 ಡಾಲರ್‌ವರೆಗೆ ಕೊಡುತ್ತಾರೆ. ಡಿಗ್ರಿ ಮುಗಿಸಿದ ನಿನಗೆ ಅದು ಸಿಗುತ್ತದಾ ಅಂತ ಕೇಳಿಕೊಂಡು, ಈ ಸೆಮಿಸ್ಟರ್‌ನಲ್ಲೇ ಒಂದು ಕೆಮಿಸ್ಟ್ರಿ ಕ್ಲಾಸ್ ತೆಗೆದುಕೋ. ಇಎಂಡಿಪಿ2 ಆಯ್ಕೆ ಮಾಡುವವರು, ಈ ಹಿಸ್ಟರಿ ಹುಡುಗ ಸೈನ್ಸ್‌ನಲ್ಲಿ ಉಸಿರಾಡಬಲ್ಲನಾ ಅಂತ ನೋಡುತ್ತಾರೆ. ಒಂದು 'ಎ' ಗ್ರೇಡ್ ಹತ್ತು ಪುಟದ ಪ್ರಬಂಧಕ್ಕೆ ಸಮ.

ಕ್ಲಾಸಿಗೆ ಸೇರುವ ಮೊದಲು ಮಾತ್ರ ನಿನ್ನ ಯೂನಿಟ್‌ನ ಟ್ರೈನಿಂಗ್ ಕ್ಯಾಲೆಂಡರ್ ಕೈಗೆ ತೆಗೆದುಕೋ. ನಾನು ಸಂಜೆ ಹೊತ್ತು ಆರ್ಗ್ಯಾನಿಕ್ ಕೆಮಿಸ್ಟ್ರಿ ಓದುತ್ತಿದ್ದೆ. ಬೂಟು ಬಿಚ್ಚಲೂ ಪುರುಸೊತ್ತಿಲ್ಲದೆ ಯೂನಿಫಾರ್ಮ್‌ನಲ್ಲೇ ಲ್ಯಾಬಿಗೆ ಓಡುವುದು, ಮೇಲೊಂದು ಬಿಳಿ ಏಪ್ರನ್. ಹದಿನಾಲ್ಕು ವಾರ ಒಂದೂ ತಪ್ಪಿಸಿರಲಿಲ್ಲ. ಕೊನೆಯ ಲ್ಯಾಬ್ ಪರೀಕ್ಷೆಯ ವಾರ ಫೀಲ್ಡ್ ಎಕ್ಸರ್‌ಸೈಜ್ ಬಂತು. ಮರುಪರೀಕ್ಷೆ ಇಲ್ಲ ಅಂದರು. ಇಡೀ ಸೆಮಿಸ್ಟರ್ ಒಂದು 'ಡಬ್ಲ್ಯೂ', ಅಂದರೆ ಕ್ಲಾಸ್ ಮಧ್ಯೆ ಬಿಟ್ಟವಳು ಅನ್ನುವ ಗುರುತಾಗಿ ಟ್ರಾನ್ಸ್‌ಕ್ರಿಪ್ಟ್ ಮೇಲೆ ಕೂತಿತು. ಟೆಂಟಿನಲ್ಲಿ ಕೂತು ಅತ್ತಿದ್ದೆ. ಆ ಎಕ್ಸರ್‌ಸೈಜ್ ಆರು ತಿಂಗಳ ಹಿಂದೆಯೇ ಕ್ಯಾಲೆಂಡರ್‌ನಲ್ಲಿ ಇತ್ತಂತೆ! ನಾನು ಕೇಳಿರಲಿಲ್ಲ.

ಆ 'ಡಬ್ಲ್ಯೂ' ಸುಮ್ನೆ ಹೋಗುವುದೂ ಇಲ್ಲ. ಮೆಡಿಕಲ್ ಸ್ಕೂಲ್‌ಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆಮ್‌ಕಾಸ್‌ನಲ್ಲಿ ಅರ್ಜಿ ಹಾಕುವಾಗ ನೀನು ಕಾಲಿಟ್ಟ ಪ್ರತಿ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತಾರೆ. ಸೇನೆಯವರು ಐದು ಊರಿನಲ್ಲಿ ಐದು ಕಾಲೇಜು ಮಾಡಿರುತ್ತೇವೆ. ಎರಡು ವಾರ ಹೋಗಿ ಬಿಟ್ಟ ಕ್ಲಾಸನ್ನು ಮರೆತೇಬಿಟ್ಟಿರುತ್ತೇವೆ, ಅವರು ಮರೆಯಲ್ಲ. ಇವತ್ತೇ ಪಟ್ಟಿ ಮಾಡಿಡು. ಮೆಡಿಕ್ ಟ್ರೈನಿಂಗ್‌ಗೆ ಸಿಕ್ಕ ಕ್ರೆಡಿಟ್‌ಗಳನ್ನು ನಂಬಿ ಕೂರಬೇಡ, ಅವು ಬಯಾಲಜಿ ಕ್ಲಾಸಿನ ಜಾಗ ತುಂಬಲ್ಲ. ಲ್ಯಾಬ್ ಇರುವ ವಿಷಯ ಆನ್‌ಲೈನ್ ಬೇಡ, ಹಲವು ಕಾಲೇಜುಗಳು ಒಪ್ಪುವುದಿಲ್ಲ.

ಕೊನೆಗೆ ಬೆಲೆ. ಯುಎಸ್‌ಯು ಪುಕ್ಕಟೆ ಅಲ್ಲ, ವರ್ಷಗಳಲ್ಲಿ ತೀರಿಸಬೇಕು. ಡಿಗ್ರಿ ಆದಮೇಲೆ 7 ವರ್ಷ ಸೇವೆ. ಡಿಗ್ರಿ ಆದಮೇಲಿನ ಸ್ಪೆಷಾಲಿಟಿ ತರಬೇತಿ, ಅಂದರೆ ರೆಸಿಡೆನ್ಸಿ, ಅದರಲ್ಲಿ ಸೇರಲ್ಲ. 27ಕ್ಕೆ ಇಎಂಡಿಪಿ2 ಶುರು ಮಾಡಿದರೆ 29ಕ್ಕೆ ಮೆಡಿಕಲ್, 33ಕ್ಕೆ ಎಂ.ಡಿ., ಫ್ಯಾಮಿಲಿ ಮೆಡಿಸಿನ್ ರೆಸಿಡೆನ್ಸಿ 3 ವರ್ಷ, 36ಕ್ಕೆ ಅದು ಮುಗಿದು ಬಾಂಡ್ ಮುಗಿಯುವಾಗ 43. ಮೆಡಿಕಲ್ ಓದುವ 4 ವರ್ಷ 20 ವರ್ಷದ ಪೆನ್ಶನ್ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಕಳೆದರೂ ಆಗ ನಿನ್ನ ಸರ್ವಿಸ್ 19 ವರ್ಷ ಆಗಿರುತ್ತದೆ, ಪೆನ್ಶನ್‌ಗೆ ಒಂದೇ ವರ್ಷ ಬಾಕಿ. ಹೊಸದಾಗಿ ಸೇರುವ ಹುಡುಗನಿಗೆ 7 ವರ್ಷ ಹೊರೆ. ನಿನಗೆ ಅದು ಹೇಗೂ ಹೋಗುವ ದಾರಿ. ಮತ್ತೆ, ಎಲ್ಲಿ ಪೋಸ್ಟಿಂಗ್, ಯಾವ ಸ್ಪೆಷಾಲಿಟಿ ಅನ್ನುವುದರಲ್ಲಿ ಸೇನೆಯ ಮಾತೇ ಕೊನೆ. ಯಾರಿಗೆ ಯಾವ ರೆಸಿಡೆನ್ಸಿ ಅಂತ ತೀರ್ಮಾನಿಸುವ ಮ್ಯಾಚ್ ಹೊರಗಿನವರಿಗೆ ಮಾರ್ಚ್‌ನಲ್ಲಿ, ನಮ್ಮದು ಡಿಸೆಂಬರ್‌ನಲ್ಲಿ. ಕೇಳಿದ ಸ್ಪೆಷಾಲಿಟಿ ಸಿಗದೆ, ಇಂಟರ್ನ್‌ಶಿಪ್ ಮುಗಿಸಿ ಒಂದೆರಡು ವರ್ಷ ಜನರಲ್ ಮೆಡಿಕಲ್ ಆಫೀಸರ್ ಆಗಿ ಹೋದವರು ನನ್ನ ಬ್ಯಾಚಿನಲ್ಲೇ ಇದ್ದರು. ಇದನ್ನು ನಿನ್ನ ಹುಡುಗಿ ಇದ್ದರೆ ಅವಳಿಗೂ ಈಗಲೇ ಹೇಳು.

ಒಂದು ಮಾತ್ರ ನಿನಗೆ ಸಲೀಸು. ನಾಲ್ಕನೇ ವರ್ಷದಲ್ಲಿ ಆಪರೇಶನ್ ಬುಶ್‌ಮಾಸ್ಟರ್ ಅಂತ ಕಾಡಿನ ತರಬೇತಿ ಇದೆ, ಈಗ ಪೆನ್ಸಿಲ್ವೇನಿಯಾದ ಫೋರ್ಟ್ ಇಂಡಿಯನ್‌ಟೌನ್ ಗ್ಯಾಪ್‌ನಲ್ಲಿ ಮಾಡುತ್ತಾರೆ. ನಕಲಿ ರಕ್ತ, ಹೊಗೆ, ಕಿರುಚಾಟ. ಪರೀಕ್ಷೆಯಲ್ಲಿ ನನ್ನನ್ನು ಹಿಂದೆ ಹಾಕಿದ್ದ ಜಾಣರು ಅವತ್ತು ರಕ್ತ ನಿಲ್ಲಿಸುವ ಪಟ್ಟಿ, ಟೂರ್ನಿಕೆಟ್, ಬಿಗಿಯೋಕೆ ಒದ್ದಾಡುತ್ತಿದ್ದರು. ನನ್ನ ಕೈ ತಾನಾಗಿ ಓಡುತ್ತಿತ್ತು.

ಅಕ್ಕಾ, ನನ್ನ ಗಂಡ ನೇವಿಯಲ್ಲಿ ಕೋರ್‌ಮನ್ (ನೇವಿಯ ಮೆಡಿಕ್), 9 ವರ್ಷ ಸರ್ವಿಸ್. ಒಂದು ಖಾಸಗಿ ಮೆಡಿಕಲ್ ಸ್ಕೂಲ್‌ನಲ್ಲಿ ಸೀಟು ಸಿಕ್ಕಿದೆ. ಸೇನೆಯ ಎಚ್‌ಪಿಎಸ್‌ಪಿ ಸ್ಕಾಲರ್‌ಶಿಪ್ ಬಂದರೆ ದುಡ್ಡಿನ ಚಿಂತೆಯೇ ಇಲ್ಲ ಅನ್ನುತ್ತಾರೆ. ನಮಗೆ ಎರಡು ಸಣ್ಣ ಮಕ್ಕಳು. ನಿಜವಾಗಲೂ ಚಿಂತೆ ಇಲ್ವಾ?
— ಸ್ಯಾನ್ ಡಿಯಾಗೋ

ಮೊದಲು ಅಭಿನಂದನೆ. ಆಮೇಲೆ, ಚಿಂತೆ ಇದೆ ತಂಗಿ. ಲೆಕ್ಕ ಹಾಕೋಕೆ ಕೂತಿದ್ದು ಒಳ್ಳೆಯದಾಯಿತು.

ಎಚ್‌ಪಿಎಸ್‌ಪಿ ಒಳ್ಳೆಯ ಯೋಜನೆಯೇ. ಫೀಸ್, ಪುಸ್ತಕ, ಸಲಕರಣೆ ಎಲ್ಲಾ ಸೇನೆಯ ಖರ್ಚು. ತಿಂಗಳಿಗೆ 2,000 ಡಾಲರ್‌ಗಿಂತ ಜಾಸ್ತಿ ಸ್ಟೈಪೆಂಡ್. ಸ್ಕಾಲರ್‌ಶಿಪ್‌ನ ಪ್ರತಿ ವರ್ಷಕ್ಕೆ ಒಂದು ವರ್ಷ ಸೇವೆ, 4ಕ್ಕೆ 4. ಯುಎಸ್‌ಯುನ 7ರ ಮುಂದೆ ಇದು ಹಗುರ. ಆದರೆ ಕಾಲೇಜು ಹೊರಗಿನದು, ನಿಮ್ಮವರು ಅಲ್ಲಿ ಆಕ್ಟಿವ್ ಡ್ಯೂಟಿಯಲ್ಲಿ ಇರುವುದಿಲ್ಲ. ಹೆಸರಿಗೆ ರಿಸರ್ವ್ ಆಫೀಸರ್, ವರ್ಷಕ್ಕೆ 45 ದಿನ ಮಾತ್ರ ಪೂರ್ತಿ ಸಂಬಳ. ಈಗ ಬರುತ್ತಿರುವ ಸಂಬಳ ನಿಲ್ಲುತ್ತದೆ, ಸ್ಯಾನ್ ಡಿಯಾಗೋದ ಬಾಡಿಗೆ ಭತ್ಯೆ ನಿಲ್ಲುತ್ತದೆ. ಟ್ರೈಕೇರ್ ಕೂಡ ನಿಲ್ಲುತ್ತದೆ. ಮಕ್ಕಳ ವ್ಯಾಕ್ಸಿನ್, ರಾತ್ರಿ ಹೊತ್ತಿನ ಎಮರ್ಜೆನ್ಸಿ, ಇದಕ್ಕೆಲ್ಲ ವಿಮೆ ನೀವೇ ಹುಡುಕಬೇಕು. ರಿಕ್ರೂಟರ್ ಇದನ್ನು ಮುಚ್ಚಿಡುತ್ತಾರೆ ಅಂತಲ್ಲ. 22 ವರ್ಷದ ಬ್ರಹ್ಮಚಾರಿ ಹುಡುಗರಿಗೆ ಹೇಳಿ ಹೇಳಿ ಅಭ್ಯಾಸ, ಅವರಿಗೆ ಈ ಪ್ರಶ್ನೆಯೇ ಬರಲ್ಲ.

ನೀವು ಕೆಲಸದಲ್ಲಿದ್ದು ನಿಮ್ಮ ಕಂಪನಿಯ ವಿಮೆಯಲ್ಲಿ ಮನೆಯವರನ್ನೆಲ್ಲ ಸೇರಿಸಬಹುದಾದರೆ ಕಣ್ಣು ಮುಚ್ಚಿ ಮುಂದೆ ಹೋಗಿ. ಇಲ್ಲವಾದರೆ ಒಂದು ಹಾಳೆ ತೆಗೆದುಕೊಂಡು ಇಬ್ಬರೂ ಕೂತು ಈ ತಿಂಗಳ ಖರ್ಚು ಬರೆಯಿರಿ, ಆಮೇಲೆ ಸಹಿ. ಇನ್ನೊಂದು ವಿಷಯ. 9 ವರ್ಷ ದುಡಿದಿರುವುದರಿಂದ ಅವರಿಗೆ ಜಿಐ ಬಿಲ್ ಪೂರ್ತಿಯಾಗಿ ಸಿಗುತ್ತದೆ. ಅವರು ಸ್ಕಾಲರ್‌ಶಿಪ್ಪೇ ಬೇಡ ಅಂದರೆ, ಆ ಖಾಸಗಿ ಕಾಲೇಜು ಯೆಲ್ಲೋ ರಿಬ್ಬನ್ ಕಾರ್ಯಕ್ರಮದಲ್ಲಿ ಇದೆಯಾ, ಮೆಡಿಕಲ್ ವಿದ್ಯಾರ್ಥಿಗಳಿಗೆ ಎಷ್ಟು ಕೊಡುತ್ತದೆ ಅಂತ ಕೇಳಿ. ಜಿಐ ಬಿಲ್ ಮಿತಿ ಮೀರಿದ ಫೀಸನ್ನು ಕಾಲೇಜೂ ಸರ್ಕಾರವೂ ಹಂಚಿಕೊಳ್ಳುವ ವ್ಯವಸ್ಥೆ ಅದು. ಜಿಐ ಬಿಲ್‌ನಲ್ಲಿ ಕಾಲೇಜಿನ ಊರಿಗೆ ತಕ್ಕ ಹಾಗೆ ಬಾಡಿಗೆ ದುಡ್ಡೂ ಬರುತ್ತದೆ. ಮುಂದೆ ಯಾರಿಗೂ ಬಾಂಡ್ ಇಲ್ಲ.

ನೇವಿ ಬಿಡುಗಡೆ ಕೊಡದೆ ಎಚ್‌ಪಿಎಸ್‌ಪಿಗೆ ಹೋಗಲು ಆಗುವುದಿಲ್ಲ. ಷರತ್ತಿನ ಬಿಡುಗಡೆಯ ಅರ್ಜಿ, ಡಿಡಿ 368, ಮೇಲೆ ಹೋಗಿ ಬರಲು ತಿಂಗಳುಗಟ್ಟಲೆ ಆಗಬಹುದು. ಅದನ್ನು ಈ ವಾರವೇ ಕೊಡಲಿ.

ಮೇಡಂ, ಮಗಳು ಏರ್ ಫೋರ್ಸ್ ಸೇರಿ ಒಂದು ವರ್ಷ ಆಯಿತು. ಇನ್ನೂ ಗ್ರೀನ್ ಕಾರ್ಡ್. ಅವಳು ಮಿಲಿಟರಿ ಡಾಕ್ಟರ್ ಆಗಬಹುದಾ?
— ಡಲ್ಲಾಸ್

ಗ್ರೀನ್ ಕಾರ್ಡ್ ಇಟ್ಟುಕೊಂಡು ಆಗಲ್ಲ ಸರ್. ಸಿಪಾಯಿ ಆಗಬಹುದು, ಆಫೀಸರ್ ಆಗಲು ಪೌರತ್ವ ಬೇಕು. ಯುಎಸ್‌ಯು, ಎಚ್‌ಪಿಎಸ್‌ಪಿ, ಇಎಂಡಿಪಿ2 ಮೂರಕ್ಕೂ ಅದೇ ನಿಯಮ. ಆದರೆ ಸೇನೆಯಲ್ಲಿ ಇರುವವರಿಗೆ ಪೌರತ್ವದ ದಾರಿ ಹತ್ತಿರ, ನಮ್ಮ ಹಾಗೆ 5 ವರ್ಷ ಕಾಯಬೇಕಿಲ್ಲ. ಎನ್-400 ಅರ್ಜಿ, ಜೊತೆಗೆ ಸರ್ವಿಸ್ ದೃಢೀಕರಿಸುವ ಎನ್-426. ಫೀಸೂ ಇಲ್ಲ. ಅವಳಿಗೆ ಇವತ್ತೇ ಫೋನ್ ಮಾಡಿ ಹೇಳಿ. ಮಕ್ಕಳು 'ಆಮೇಲೆ ನೋಡೋಣ' ಅನ್ನುತ್ತಾರೆ, ಡಿಪ್ಲಾಯ್‌ಮೆಂಟ್ ಬಂದರೆ ಆ ಆಮೇಲೆ ಬರುವುದೇ ಇಲ್ಲ.

ನನಗೆ 34. ಆರ್ಮಿಯಲ್ಲಿ ಸ್ಟಾಫ್ ಸಾರ್ಜೆಂಟ್. ಸೈನ್ಸ್ ಅರ್ಧ ಆಗಿದೆ. ತಡ ಆಯ್ತಾ?
— ಹೆಸರು, ಊರು ಬೇಡ

ಯುಎಸ್‌ಯುಗೆ ಸಾಮಾನ್ಯ ಮಿತಿ 36, ಸೇರುವ ವರ್ಷದ ಜೂನ್ 30ಕ್ಕೆ ಲೆಕ್ಕ. ವಿನಾಯಿತಿಯನ್ನೂ ಪರಿಗಣಿಸುತ್ತಾರೆ. ಹಾಗಾಗಿ ತಡ ಆಗಿಲ್ಲ, ಆದರೆ ನಿಮ್ಮ ಬಳಿ ಸೋಲಲು ಒಂದು ವರ್ಷವೂ ಇಲ್ಲ. ಆಮ್‌ಕಾಸ್ ಮೇ ತಿಂಗಳಲ್ಲಿ ತೆರೆಯುತ್ತದೆ, ಸೀಟು ಸಿಕ್ಕರೂ ಕಾಲೇಜು ಶುರುವಾಗುವುದು ಅದರ ಮುಂದಿನ ವರ್ಷ. ಎಂಕ್ಯಾಟ್‌ಗೆ ಒಟ್ಟು 528 ಅಂಕ. ಊಟದ ಬಿಡುವೂ ಸೇರಿ ಏಳೂವರೆ ಗಂಟೆ ಕೂರಬೇಕು. ಫೀಲ್ಡ್‌ನಿಂದ ಬಂದ ವಾರ ಅದನ್ನು ಬರೆಯಬೇಡಿ.

ಇನ್ನೊಂದು ಕೇಳಲಾ? ನಿಮಗೆ ಬೇಕಿರುವುದು ಡಾಕ್ಟರ್ ಅನ್ನುವ ಹೆಸರೋ, ರೋಗಿಯನ್ನು ನೋಡುವ ಕೆಲಸವೋ? ಕೆಲಸವೇ ಆದರೆ ಸ್ಯಾನ್ ಆಂಟೋನಿಯೋದ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ ಫಿಸಿಶಿಯನ್ ಅಸಿಸ್ಟೆಂಟ್, ಅಂದರೆ ಡಾಕ್ಟರ್ ಜೊತೆಗೂಡಿ ರೋಗಿಗಳನ್ನು ನೋಡುವವರ ಕೋರ್ಸ್ ಇದೆ, ಐಪ್ಯಾಪ್ ಅನ್ನುತ್ತೇವೆ. 29 ತಿಂಗಳು. ಓದುವಾಗ ಸಂಬಳ, ಮುಗಿಸಿದರೆ ಮಾಸ್ಟರ್ಸ್ ಡಿಗ್ರಿ ಮತ್ತು ಆಫೀಸರ್ ದರ್ಜೆ. ಎಂಕ್ಯಾಟ್ ಇಲ್ಲ, ರೆಸಿಡೆನ್ಸಿ ಇಲ್ಲ. ನಾನು ಕಂಡ ಅತ್ಯಂತ ಚುರುಕು ಕೈಗಳಲ್ಲಿ ಕೆಲವು ಆ ಕೋರ್ಸಿನವರದು. ಎರಡೂ ಅರ್ಜಿ ಮುಂದಿಟ್ಟುಕೊಂಡು ಒಂದು ರಾತ್ರಿ ಯೋಚಿಸಿ, ಆಮೇಲೆ ನನಗೆ ಇನ್ನೊಂದು ಸಾಲು ಬರೆಯಿರಿ. ಹೆಸರು ಬೇಡ, ಯಾವುದು ಅಂತ ಮಾತ್ರ ತಿಳಿಸಿ.