ಬೈದವರಿಗೂ ಥ್ಯಾಂಕ್ಸ್ ಹೇಳಬೇಕಾ, ಮೇಡಂ?

(ಆಕೆಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆ ಪಿಎಚ್‌ಡಿಯ ಕೊನೆಯ ಹಂತದಲ್ಲಿದ್ದರು. ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೆ ಕೆಲಸ. ಮೂರು ಸುತ್ತು ತಿದ್ದಿದ ಮೇಲೆ ಒಂದು ಒಳ್ಳೆಯ ಜರ್ನಲ್ ಆಕೆಯ ಪೇಪರ್ ಒಪ್ಪಿಕೊಂಡಿತ್ತು. ಲ್ಯಾಬಿನಲ್ಲಿ ಸ್ವೀಟ್ ಹಂಚಿದ್ದೂ ಆಗಿತ್ತು. ಆದರೆ ಆಪ್ತಸಲಹೆಗೆಂದು ನನ್ನ ಹತ್ತಿರ ಬಂದಾಗ ಆಕೆಗೆ ಸರಿಯಾಗಿ ನಿದ್ದೆ ಇರಲಿಲ್ಲ. ಲ್ಯಾಪ್‌ಟಾಪ್ ತೆರೆದರೆ ಎದೆ ಹೊಡೆದುಕೊಳ್ಳುತ್ತದೆ ಎಂದರು. ಕೊನೆಯ ಪ್ರತಿಯಲ್ಲಿ ಬರೆಯಲು ಉಳಿದಿದ್ದು ಒಂದೇ ಭಾಗ, ನೆರವಾದವರಿಗೆ ಥ್ಯಾಂಕ್ಸ್ ಹೇಳುವ ಅಕ್ನಾಲೆಡ್ಜ್‌ಮೆಂಟ್.

ಎಲ್ಲರೂ ಹಾಕುವ ಒಂದು ಸಾಲು ಇದೆ. ‘ಅಮೂಲ್ಯ ಸಲಹೆಗಳಿಂದ ಈ ಲೇಖನವನ್ನು ಉತ್ತಮಗೊಳಿಸಿದ ಅನಾಮಧೇಯ ವಿಮರ್ಶಕರಿಗೆ ಕೃತಜ್ಞತೆಗಳು.’ ಅದನ್ನು ಬರೆಯಲು ಆಕೆಯ ಕೈ ಬರುತ್ತಿರಲಿಲ್ಲ. ‘ಬೈದವರಿಗೂ ಥ್ಯಾಂಕ್ಸ್ ಹೇಳಬೇಕಾ, ಮೇಡಂ?’ ಎಂದು ಕೇಳಿದರು.

ಬೈದದ್ದು ಎರಡನೇ ರಿವ್ಯೂವರ್, ಅಂದರೆ ಪೇಪರ್ ಒಪ್ಪುವ ಮೊದಲು ಅದನ್ನು ಪರಿಶೀಲಿಸಲು ಜರ್ನಲ್ ಕೇಳಿಕೊಂಡ, ಹೆಸರು ಹೇಳದ ತಜ್ಞರಲ್ಲಿ ಒಬ್ಬರು. ಆ ವರದಿಯನ್ನು ಪ್ರಿಂಟ್ ತೆಗೆದು ತಂದಿದ್ದರು. ಎಷ್ಟು ಸಲ ಓದಿದ್ದರೋ, ಮಡಿಕೆಯಲ್ಲಿ ಕಾಗದ ಹರಿಯುವ ಹಾಗಿತ್ತು. ಒಂದೊಂದೇ ಟಿಪ್ಪಣಿ ಜೊತೆಗೆ ಕೂತು ಓದಿದೆವು. ಎರಡು ಬಣ್ಣದ ಪೆನ್ ಕೊಟ್ಟೆ. ಕೆಲಸದ ಬಗ್ಗೆ ಹೇಳಿದ್ದಕ್ಕೆ ನೀಲಿ, ನಿಮ್ಮ ಬಗ್ಗೆ ಹೇಳಿದ್ದಕ್ಕೆ ಕೆಂಪು ಗೆರೆ ಎಳೆಯಿರಿ ಎಂದೆ. ಎರಡು ಹಾಳೆಯ ತುಂಬ ನೀಲಿ ಗೆರೆ. ಕೆಂಪು ಬಿದ್ದದ್ದು ಎರಡೇ ಕಡೆ. ಲೇಖಕರಿಗೆ ಅಂಕಿಅಂಶದ ಮೊದಲ ಪಾಠವೂ ಗೊತ್ತಿದ್ದಂತಿಲ್ಲ ಎನ್ನುವ ಮಾತು ಒಂದು. ಇಂಗ್ಲಿಷ್ ಮಾತೃಭಾಷೆಯವರಿಂದ ಭಾಷೆ ತಿದ್ದಿಸಿ ಎನ್ನುವುದು ಇನ್ನೊಂದು. ಈ ಎರಡನೇ ಮಾತಿಗೆ ಬಂದಾಗ ಆಕೆ ಅತ್ತರು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು. ಡಿಗ್ರಿಯಲ್ಲಿ ಪ್ರಶ್ನೆ ಕೇಳಲೂ ಹೆದರಿ ಹಿಂದಿನ ಬೆಂಚಲ್ಲಿ ಕೂರುತ್ತಿದ್ದರಂತೆ. ಇಷ್ಟು ವರ್ಷ ಆದಮೇಲೆ ಮುಖ ಕಾಣದ ಯಾರೋ ಬಂದು ಅದೇ ಗಾಯಕ್ಕೆ ಕೈ ಹಾಕಿದ್ದರು. ಈ ಸಾಲನ್ನು ರಿವ್ಯೂವರ್‌ಗಳು ಎಷ್ಟು ಸಲೀಸಾಗಿ ಬರೆದುಬಿಡುತ್ತಾರೆ! ಯಾವ ವಾಕ್ಯ ಅರ್ಥವಾಗಲಿಲ್ಲ ಎಂದು ತೋರಿಸಿದ್ದರೆ ಸಾಕಿತ್ತು. ಬರೆದವರ ಮಾತೃಭಾಷೆ ಯಾವುದು ಎನ್ನುವುದು ಅವರಿಗೆ ಸಂಬಂಧವೇ ಇಲ್ಲದ ವಿಷಯ.

ನೀಲಿ ಗೆರೆಯೊಳಗೆ ಒಂದು ಟಿಪ್ಪಣಿ ಮಾತ್ರ ದೊಡ್ಡದಿತ್ತು. ಆಕೆ ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ ಅವೇ ಬೋರ್‌ವೆಲ್‌ಗಳಿಂದ ನೀರು ತಂದಿದ್ದರು. ಲೆಕ್ಕ ಹಾಕುವಾಗ ಎಲ್ಲವನ್ನೂ ಬೇರೆ ಬೇರೆ ಮಾದರಿ ಎಂದುಕೊಂಡು ಒಟ್ಟಿಗೆ ಸೇರಿಸಿದ್ದರು. ಒಂದೇ ಬಾವಿಯ ಎರಡು ಅಳತೆಗಳು ಜೋಡಿ, ಅವನ್ನು ಜೋಡಿಯಾಗಿಯೇ ಹೋಲಿಸಬೇಕು ಎಂದು ರಿವ್ಯೂವರ್ ಬರೆದಿದ್ದರು. ಆಕೆ ತಿಂಗಳುಗಟ್ಟಲೆ ಕೂತು ಲೆಕ್ಕ ಮತ್ತೆ ಮಾಡಿದರು. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ನಡೆಯುತ್ತದೆ. ಹಳೆಯ ಸರಾಸರಿಯಲ್ಲಿ ಎಲ್ಲವೂ ಈ ಗೆರೆಯ ಆಸುಪಾಸಿನಲ್ಲೇ ಕಾಣುತ್ತಿದ್ದವು. ಜೋಡಿಯಾಗಿ ನೋಡಿದಾಗ, ಕೆಲವು ಬೋರ್‌ವೆಲ್‌ಗಳು ಬೇಸಿಗೆಯಲ್ಲಿ ಗೆರೆ ದಾಟಿ ಮಳೆ ಆದಮೇಲೆ ಇಳಿಯುವುದು ಸ್ಪಷ್ಟವಾಯಿತು. ‘ಪೇಪರ್ ಮೊದಲಿಗಿಂತ ಚೆನ್ನಾಗಾಯ್ತಾ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಯ್ತು ಮೇಡಂ, ಅದಕ್ಕೇ ಜಾಸ್ತಿ ಸಿಟ್ಟು’ ಎಂದರು.

ನಾನು ಹೇಳಿದ್ದು ಇಷ್ಟು. ಥ್ಯಾಂಕ್ಸ್ ಹೇಳಿದರೆ ಬೈದದ್ದನ್ನು ಕ್ಷಮಿಸಿದಂತೆ ಆಗುವುದಿಲ್ಲ. ಯಾವ ಕೆಲಸಕ್ಕೆ ಋಣ ಇದೆಯೋ ಅದನ್ನಷ್ಟೇ ಬರೆಯಿರಿ. ಸಿಟ್ಟಿಗೆ ಬೇರೆ ಜಾಗ ಇದೆ, ಅದನ್ನು ಇಲ್ಲಿ ನನ್ನ ಮುಂದೆ ಆಡಿ. ‘ಅಮೂಲ್ಯ’ ಅಂತ ಅನ್ನಿಸದಿದ್ದರೆ ಆ ಪದ ಬೇಡ. ಆ ಒಂದು ಲೆಕ್ಕವನ್ನೇ ಹೆಸರಿಸಿ.

ಆಗ ಎರಡನೇ ವಿಷಯ ಹೊರಬಂತು. ನಿಜವಾದ ಹೆದರಿಕೆ ಇದ್ದದ್ದು ಅಲ್ಲಿ.

ಆ ವರದಿಯಲ್ಲಿ ಒಬ್ಬರೇ ಲೇಖಕರ ಐದು ಪೇಪರುಗಳನ್ನು ಉಲ್ಲೇಖಿಸಲು ಸೂಚನೆ ಇತ್ತು. ಹಾಗಾಗಿ ರಿವ್ಯೂವರ್ ಅವರೇ ಎಂದು ಆಕೆಯ ಗೈಡ್ ಊಹಿಸಿದ್ದರು. ನಾಳೆ ಥೀಸಿಸ್ ಅವರ ಕೈಗೇ ಹೋಗಬಹುದು, ಹೆಸರು ಹಾಕಿ ಒಂದು ಥ್ಯಾಂಕ್ಸ್ ಹೇಳಿಬಿಡಮ್ಮ, ಒಳ್ಳೆಯದಾಗುತ್ತೆ ಎಂದಿದ್ದರು. ಆಕೆಗೆ ಅದು ಹಿಡಿಸಲಿಲ್ಲ. ಆದರೆ ಗೈಡ್‌ಗೆ ಆಗಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ನಮ್ಮಲ್ಲಿ ಸಹಿ, ಶಿಫಾರಸು, ವೈವಾ ಎಲ್ಲವೂ ಗೈಡ್ ಮೂಲಕವೇ ಸಾಗಬೇಕು ಅಲ್ವಾ? ಇದನ್ನು ಪುಕ್ಕಲುತನ ಎನ್ನಲು ನಾನು ಒಪ್ಪುವುದಿಲ್ಲ.

ಹೆಸರು ಹಾಕಲೇಬೇಡಿ ಎಂದು ಖಚಿತವಾಗಿ ಹೇಳಿದೆ. ಊಹೆ ತಪ್ಪಿರಬಹುದು. ಒಬ್ಬರ ಪೇಪರುಗಳನ್ನು ಅವರ ಶಿಷ್ಯರೂ ಸೂಚಿಸುತ್ತಾರೆ. ಊಹೆ ಸರಿಯಿದ್ದರೆ ಇನ್ನೂ ಕಷ್ಟ, ಅವರು ಮುಚ್ಚಿಟ್ಟ ಗುರುತನ್ನು ನಾವು ಬಯಲು ಮಾಡಿದಂತಾಗುತ್ತದೆ. ಪರೀಕ್ಷಕರಾಗಬಹುದಾದವರನ್ನು ಹೀಗೆ ಮೆಚ್ಚಿಸಹೊರಟರೆ ಆಕೆಯ ಸ್ವಂತ ದುಡಿಮೆಯ ಮೇಲೇ ಅನುಮಾನ ಬೀಳುತ್ತದೆ. ಹೆಸರು ಹಾಕಿ ನೆನೆಯುವ ಪ್ರತಿಯೊಬ್ಬರಿಂದ ಲಿಖಿತ ಒಪ್ಪಿಗೆ ಪಡೆಯಬೇಕು ಎಂದು ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಸಲಹೆ ಕೊಟ್ಟಿದೆ. ಆ ಹೆಸರು ನೋಡಿದವರು, ಅವರು ಈ ಫಲಿತಾಂಶವನ್ನು ಒಪ್ಪಿದ್ದಾರೆ ಎಂದುಕೊಳ್ಳಬಹುದು, ಕಾರಣ ಅದು. ಬೇರೆ ಕ್ಷೇತ್ರದವರೂ ಪಾಲಿಸಬೇಕಾದ ಮಾತು ಇದು. ಅನಾಮಧೇಯ ರಿವ್ಯೂವರ್ ಹತ್ತಿರ ಒಪ್ಪಿಗೆ ಕೇಳುವುದಾದರೂ ಹೇಗೆ? ಬಹಿರಂಗವಾಗಿ ಹೆಸರು ಕೊಡುವ ಪದ್ಧತಿ ಬೇರೆಯೇ ಇದೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 1999ರಲ್ಲೇ ರಿವ್ಯೂವರ್‌ಗಳ ಹೆಸರನ್ನು ಲೇಖಕರಿಗೆ ತಿಳಿಸಲು ಶುರು ಮಾಡಿತು. ರಿವ್ಯೂವರ್ ಒಪ್ಪಿದರೆ ನೇಚರ್ ಕೂಡ ಅವರ ಹೆಸರನ್ನು ಪೇಪರಿನ ಜೊತೆ ಪ್ರಕಟಿಸುತ್ತದೆ. ಅದು ಜರ್ನಲ್‌ನವರು ಕೇಳಿ ಮಾಡುವ ಕೆಲಸ.

ಮತ್ತೆ, ಯಾವ ಜರ್ನಲ್ ಏನು ಒಪ್ಪುತ್ತದೆ ಎಂದು ಮೊದಲು ಓದಿಕೊಳ್ಳಿ ಎಂದೆ. ಇದೇ ನೇಚರ್ ತನ್ನ ಲೇಖಕರಿಗೆ, ಅನಾಮಧೇಯ ರಿವ್ಯೂವರ್‌ಗಳಿಗೂ ಸಂಪಾದಕರಿಗೂ ಥ್ಯಾಂಕ್ಸ್ ಬರೆಯಬೇಡಿ ಎಂದೇ ಸೂಚನೆ ಕೊಡುತ್ತದೆ. ಆಕೆಯ ಜರ್ನಲ್‌ನಲ್ಲಿ ಅಂಥ ನಿರ್ಬಂಧ ಇರಲಿಲ್ಲ.

ಐದು ಪೇಪರುಗಳಲ್ಲಿ ಎರಡು ನಿಜವಾಗಿಯೂ ಬೇಕಾಗಿದ್ದವು, ಅವನ್ನು ಸೇರಿಸಿದ್ದರು. ಉಳಿದ ಮೂರನ್ನು ಏಕೆ ಬಿಟ್ಟೆವು ಎಂದು ರಿವ್ಯೂವರ್ ವರದಿಗೆ ಕೊಟ್ಟ ಉತ್ತರಪತ್ರದಲ್ಲಿ ಆಗಲೇ ಬರೆದಿದ್ದರು. ಅದು ಸರಿಯಾಗಿಯೇ ಇತ್ತು, ಮುಟ್ಟಬೇಕಾದ್ದು ಏನೂ ಇರಲಿಲ್ಲ.

ದೊಡ್ಡವರಿಗೆ ಹೀಗೆಲ್ಲ ಅನ್ನಿಸಲ್ಲ, ನಾನೇ ಸಣ್ಣವಳು ಎಂದು ಆಕೆ ಪದೇ ಪದೇ ಹೇಳುತ್ತಿದ್ದರು. ಅದಕ್ಕೆ ಐನ್‌ಸ್ಟೈನ್ ವಿಷಯ ಹೇಳಿದೆ. 1936ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಸೇರಿ ಗುರುತ್ವದ ಅಲೆಗಳೇ ಇಲ್ಲ ಎನ್ನುವ ಪೇಪರನ್ನು ಫಿಸಿಕಲ್ ರಿವ್ಯೂಗೆ ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಒಬ್ಬ ತಜ್ಞರಿಗೆ ತೋರಿಸಿದರು. ತಪ್ಪು ತೋರಿಸುವ ಉದ್ದನೆಯ ವರದಿ ಬಂತು. ಐನ್‌ಸ್ಟೈನ್‌ಗೆ ಸಿಟ್ಟು ಬಂತು. ಅಚ್ಚಾಗುವ ಮುಂಚೆ ಇನ್ನೊಬ್ಬರಿಗೆ ತೋರಿಸಲು ನಾವು ಹೇಳಿರಲಿಲ್ಲ ಎಂದು ಬರೆದು ಪೇಪರ್ ವಾಪಸ್ ತೆಗೆದುಕೊಂಡರು. ಆಮೇಲೆ ಹೊವರ್ಡ್ ರಾಬರ್ಟ್‌ಸನ್ ಎನ್ನುವ ವಿಜ್ಞಾನಿ, ಐನ್‌ಸ್ಟೈನ್ ಅವರ ಸಹಾಯಕ ಇನ್‌ಫೆಲ್ಡ್ ಜೊತೆ ಸ್ನೇಹದಿಂದ ಮಾತಾಡಿ ತಪ್ಪು ಎಲ್ಲಿದೆ ಎಂದು ವಿವರಿಸಿದರು. 1937ರಲ್ಲಿ ಬೇರೆ ಜರ್ನಲ್‌ನಲ್ಲಿ ಪೇಪರ್ ಬಂದಾಗ ತೀರ್ಮಾನವೇ ಬದಲಾಗಿತ್ತು. ಕೊನೆಯಲ್ಲಿ ರಾಬರ್ಟ್‌ಸನ್ ಅವರ ಸ್ನೇಹಪೂರ್ವಕ ಸಹಾಯಕ್ಕೆ ಐನ್‌ಸ್ಟೈನ್ ಕೃತಜ್ಞತೆ ಹೇಳಿದ್ದರು. ಸಿಟ್ಟು ತರಿಸಿದ ಆ ವರದಿ ಬರೆದವರೂ ಇದೇ ರಾಬರ್ಟ್‌ಸನ್! ಅದು ಖಚಿತವಾಗಿ ಎಲ್ಲರಿಗೂ ತಿಳಿದದ್ದು 2005ರಲ್ಲಿ, ಜರ್ನಲ್‌ನ ಹಳೆಯ ದಾಖಲೆ ಪುಸ್ತಕದಿಂದ. ಆಕೆ ಕೇಳಿ ಜೋರಾಗಿ ನಕ್ಕರು. ಆಕೆ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಗೈಡ್ ಜೊತೆ ಆಡಬೇಕಾದ ಮಾತನ್ನು ಅಭ್ಯಾಸ ಮಾಡಿದೆವು. ನಾನು ಗೈಡ್ ಆದೆ, ಆಕೆ ಆಕೆಯೇ. ನೀವು ಹೇಳಿದ್ದು ತಪ್ಪು ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಸರ್, ಹೆಸರು ಹಾಕಬೇಕಾದರೆ ಅವರ ಒಪ್ಪಿಗೆ ಬೇಕಾಗುತ್ತೆ. ಆಮೇಲೆ ನಿಮಗೂ ತೊಂದರೆ ಆಗಬಾರದು. ಬೇಕಾದರೆ ಎಡಿಟರ್‌ಗೇ ಒಂದು ಮೇಲ್ ಹಾಕಿ ಕೇಳಲಾ?’ ಇಷ್ಟು ಸಾಕು ಎಂದು ತೀರ್ಮಾನವಾಯಿತು. ಗೈಡ್‌ಗೆ ಮುಖಭಂಗ ಆಗಬಾರದು, ನಮ್ಮ ನಿಲುವೂ ಸಡಿಲ ಆಗಬಾರದು. ಆಕೆ ಹೋಗಿ ಮಾತಾಡಿದಾಗ, ಎಡಿಟರ್‌ಗೆ ಮೇಲ್ ಎಂದ ಕೂಡಲೇ ಗೈಡ್ ‘ಬೇಡ ಬಿಡಮ್ಮ, ಅನಾಮಧೇಯ ಅಂತಲೇ ಇರಲಿ’ ಎಂದರಂತೆ.

ಮುಂದಿನ ಸಲ ಕರಡು ತಂದರು. ‘ಮಳೆಗಾಲದ ಮೊದಲಿನ ಮತ್ತು ನಂತರದ ಅಳತೆಗಳನ್ನು ಬಾವಿವಾರು ಜೋಡಿಯಾಗಿ ಹೋಲಿಸಲು ಸೂಚಿಸಿದ ಅನಾಮಧೇಯ ವಿಮರ್ಶಕರಿಗೆ ಕೃತಜ್ಞತೆಗಳು’ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು. ವಿಶೇಷಣ ಒಂದೂ ಇರಲಿಲ್ಲ. ಓದಿ ನನಗೆ ತುಂಬಾ ಖುಷಿಯಾಯಿತು. ‘ನೀರು ಹಿಡಿಯಲು ಜೊತೆಗೆ ಯಾರು ಬರುತ್ತಿದ್ದರು?’ ಎಂದು ಕೇಳಿದೆ. ಆ ಊರುಗಳ ನೀರಗಂಟಿಗಳಂತೆ. ಬೆಳಗಿನ ಜಾವ ಎದ್ದು ಬಂದು, ಮೋಟರ್ ಹಾಕಿ, ಪೈಪಿನಲ್ಲಿ ನಿಂತ ನೀರು ಹರಿದುಹೋಗುವವರೆಗೆ ಕಾದು ಬಾಟಲಿ ತುಂಬಿಸಿಕೊಟ್ಟವರು. ಕರಡಿನಲ್ಲಿ ಅವರಿರಲಿಲ್ಲ. ಆಕೆ ಅವರಿಗೆಲ್ಲ ಫೋನ್ ಮಾಡಿ, ಹೆಸರು ಹಾಕಬಹುದಾ ಎಂದು ಕೇಳಿದರು. ಒಪ್ಪಿಗೆಯನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಂಡರು. ಒಬ್ಬರು ಬೇಡ ಎಂದರು, ಅವರ ಹೆಸರು ಬಿಟ್ಟರು.

ಪೇಪರ್ ಅಚ್ಚಾಗಿದೆ. ನಿದ್ದೆ ಬರುತ್ತಿದೆ. ಇಂಗ್ಲಿಷ್ ಬಗ್ಗೆ ಬಂದ ಆ ಮಾತು ಮಾತ್ರ ಇನ್ನೂ ಚುಚ್ಚುತ್ತದೆ ಎಂದು ಆಕೆ ಹೇಳಿದ್ದಾರೆ. ಅದು ಈ ಪೇಪರಿಗಿಂತ ಹಳೆಯ ನೋವು, ಒಂದು ಸಾಲು ಬರೆದ ಮಾತ್ರಕ್ಕೆ ಹೋಗುವಂಥದ್ದಲ್ಲ. ವೈವಾದಲ್ಲಿ ಇಂಗ್ಲಿಷ್‌ನಲ್ಲಿ ಉತ್ತರ ಹೇಳುವ ಅಭ್ಯಾಸದಿಂದಲೇ ಮುಂದಿನ ಭೇಟಿಗಳನ್ನು ಶುರು ಮಾಡಿದ್ದೇವೆ.