ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ

ಪ್ರಶ್ನೆ: ಡಾಕ್ಟರೇ, ಇದು ನನ್ನ ಮೊದಲ ಹೆರಿಗೆ. ಬಾಣಂತನಕ್ಕೆ ತವರಿಗೆ ಬಂದಿದ್ದೇನೆ, ಮಗಳಿಗೆ ಈಗ ಆರು ವಾರ. ಬೆಳಿಗ್ಗೆ ಎಣ್ಣೆ ನೀರು ಹಾಕಿದ ಮೇಲೆ ನಾಲ್ಕು ಗಂಟೆ ಮಿಸುಕಾಡದೆ ಮಲಗುವ ಕೂಸು ರಾತ್ರಿ ಹತ್ತರಿಂದ ಮೂರರವರೆಗೆ ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಎತ್ತಿಕೊಂಡರೆ ಸುಮ್ಮನಿರುತ್ತದೆ, ತೊಟ್ಟಿಲಿಗೆ ಹಾಕಿದರೆ ಅಳುತ್ತದೆ. ಎತ್ತಿ ಎತ್ತಿ ಅಭ್ಯಾಸ ಮಾಡಿಸಿದ್ದೀಯ ಎಂದು ಮನೆಯವರು ಗದರುತ್ತಾರೆ. ಅಳಲು ಬಿಟ್ಟು ಈಗಲೇ ‘ಸ್ಲೀಪ್ ಟ್ರೈನಿಂಗ್’ ಶುರು ಮಾಡು ಎಂದು ಗೆಳತಿ ಹೇಳುತ್ತಾಳೆ. ಅಜ್ಜಿ ಸಾಸಿವೆ ದಿಂಬು ಹೊಲಿದು ಕೊಟ್ಟಿದ್ದಾರೆ, ನಿದ್ದೆ ಬರಲೆಂದು ಬಜೆ ತೇಯ್ದು ನೆಕ್ಕಿಸುತ್ತಾರೆ. ನಾನು ಯಾರ ಮಾತು ಕೇಳಲಿ?
– ಓದುಗರು, ದಾವಣಗೆರೆ

ಉತ್ತರ: ನೀವು ಎತ್ತಿಕೊಂಡದ್ದರಿಂದ ಮಗಳ ನಿದ್ದೆ ಕೆಟ್ಟಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಸುವ ದೇಹದ ಗಡಿಯಾರ ಹುಟ್ಟುವಾಗ ಸಿದ್ಧವಾಗಿರುವುದಿಲ್ಲ. ಕತ್ತಲಾದಾಗ ನಿದ್ದೆ ಬರಿಸುವ ಮೆಲಟೋನಿನ್ ಎಂಬ ಹಾರ್ಮೋನು ಮಗುವಿನ ದೇಹದಲ್ಲಿ ಲಯಬದ್ಧವಾಗಿ ಸ್ರವಿಸತೊಡಗುವುದು ಸುಮಾರು ಎರಡು, ಮೂರು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಕೂಸು ದಿನಕ್ಕೆ 14ರಿಂದ 17 ಗಂಟೆ ಮಲಗಿದರೂ ಅದನ್ನು ತುಂಡು ತುಂಡಾಗಿಯೇ ಮಲಗುತ್ತದೆ. ಅದರ ಪುಟ್ಟ ಹೊಟ್ಟೆಯಲ್ಲಿ ಹೆಚ್ಚು ಹಾಲು ಹಿಡಿಸುವುದಿಲ್ಲವಾದ್ದರಿಂದ ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯಬೇಕಾಗುತ್ತದೆ, ರಾತ್ರಿಯ ಎಚ್ಚರವೂ ಅದರ ಭಾಗವೇ. ಜೊತೆಗೆ ಮಕ್ಕಳ ಅಳು ಸಾಮಾನ್ಯವಾಗಿ ಆರನೆಯ ವಾರದ ಹೊತ್ತಿಗೆ ತಾರಕಕ್ಕೇರಿ ಆಮೇಲೆ ಇಳಿಯುತ್ತದೆ. ನೀವೀಗ ಅತಿ ಕಷ್ಟದ ದಿನಗಳಲ್ಲಿದ್ದೀರಿ.

ಹೀಗಿರುವಾಗ ಆರು ವಾರದ ಕೂಸನ್ನು ಅಳಲು ಬಿಟ್ಟು ನಿದ್ದೆ ಕಲಿಸುವ ಪ್ರಯತ್ನಕ್ಕೆ ಅರ್ಥವಿಲ್ಲ. ಹಸಿವು, ಒದ್ದೆ, ಚಳಿ, ಭಯ ಎಲ್ಲವನ್ನೂ ಅದು ಅಳುವಿನಲ್ಲೇ ಹೇಳಬೇಕು. ಅಂಥ ತರಬೇತಿಯ ಮಾತನ್ನು ನಾಲ್ಕು ತಿಂಗಳಿಗೆ ಮುಂಚೆ ಎತ್ತುವುದೇ ಬೇಡ. ಈಗ ನೀವು ಮಾಡಬಹುದಾದದ್ದು ಒಂದೇ: ಹಗಲಿಗೂ ರಾತ್ರಿಗೂ ಇರುವ ವ್ಯತ್ಯಾಸವನ್ನು ಮಗುವಿಗೆ ದಿನವೂ ತೋರಿಸುತ್ತಾ ಹೋಗುವುದು.

ಇಲ್ಲಿ ನಮ್ಮ ಬಾಣಂತಿ ಕೋಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗಾಳಿ ತಾಗಬಾರದು, ದೃಷ್ಟಿಯಾಗಬಾರದು ಎಂದು ಕಿಟಕಿ ಮುಚ್ಚಿ, ಪರದೆ ಎಳೆದು, ಹಗಲಲ್ಲೂ ಮಂಕು ಬೆಳಕಿನಲ್ಲಿ ತಾಯಿ ಮಗುವನ್ನು ಇರಿಸುವ ಮನೆಗಳು ಇಂದಿಗೂ ಸಾಕಷ್ಟಿವೆ. ಅದೇ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ, ನೋಡಲು ಬಂದವರ ಮಾತು ನಡೆಯುತ್ತಿರುತ್ತದೆ. ಹೊರಗಿನ ಹಗಲು ಒಳಗೆ ರಾತ್ರಿಯಾಗಿ, ಹೊರಗಿನ ರಾತ್ರಿ ಒಳಗೆ ಹಗಲಾಗಿರುವಲ್ಲಿ ಕೂಸು ಏನನ್ನು ಕಲಿಯಬೇಕು? ಬೆಳಿಗ್ಗೆ ಏಳರ ಹೊತ್ತಿಗೆ ಕಿಟಕಿ ತೆರೆಯಿರಿ, ಮಗುವನ್ನು ಬೆಳಕಿರುವ ಪಡಸಾಲೆಗೆ ತನ್ನಿ, ಪಾತ್ರೆಯ ಸದ್ದು, ಮಿಕ್ಸಿಯ ಸದ್ದು ಕೇಳಲಿ, ಎಚ್ಚರವಿದ್ದಾಗ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿಸಿ. ಹಗಲಲ್ಲಿ ಮೂರು ಗಂಟೆಗೂ ಮೀರಿ ಮಲಗಿದರೆ ಮೆಲ್ಲನೆ ಎಬ್ಬಿಸಿ ಹಾಲೂಡಿಸಿ, ಏಕೆಂದರೆ ಹಗಲು ತಪ್ಪಿದ ಹಾಲನ್ನು ಅದು ರಾತ್ರಿ ಕೇಳುತ್ತದೆ. ಸಂಜೆ ಏಳೂವರೆಯ ಮೇಲೆ ದೀಪ ತಗ್ಗಿಸಿ, ಟಿ.ವಿ. ನಿಲ್ಲಿಸಿ, ಬಟ್ಟೆ ಬದಲಿಸಿ, ಹಾಲೂಡಿಸಿ, ತೇಗು ಬರಿಸಿ, ದಿನವೂ ಅದೇ ಜೋಗುಳವನ್ನು ಹಾಡಿ. ರಾತ್ರಿ ಎದ್ದಾಗ ಚಿಕ್ಕ ದೀಪದಲ್ಲೇ, ಮಾತಿಲ್ಲದೆ, ಆಟವಿಲ್ಲದೆ ಹಾಲು ಕೊಟ್ಟು ಮಲಗಿಸಿ. ರಾತ್ರಿಯ ಎದೆಹಾಲಿನಲ್ಲಿ ಮೆಲಟೋನಿನ್ ಇರುತ್ತದೆ, ಅದು ನಿಮ್ಮ ನೆರವಿಗಿದೆ.

ಇನ್ನೊಂದು ಸೂಕ್ಷ್ಮ. ನವಜಾತ ಶಿಶುವಿನ ನಿದ್ದೆಯಲ್ಲಿ ಸುಮಾರು ಅರ್ಧ ಪಾಲು ಚಂಚಲ ನಿದ್ದೆ. ಆಗ ಅದು ಮುಲುಕುತ್ತದೆ, ನಗುತ್ತದೆ, ಕೈಕಾಲು ಆಡಿಸುತ್ತದೆ, ಕ್ಷಣಕಾಲ ಕಣ್ಣನ್ನೂ ಬಿಡುತ್ತದೆ. ಮುಲುಕಿದ ತಕ್ಷಣ ಎತ್ತಿದರೆ ಮಲಗಿದ್ದ ಮಗುವನ್ನು ನಾವೇ ಎಬ್ಬಿಸಿದಂತೆ. ಒಂದೆರಡು ನಿಮಿಷ ನೋಡಿ. ನಿಜವಾಗಿ ಅತ್ತರೆ ಸಂಕೋಚವಿಲ್ಲದೆ ಎತ್ತಿಕೊಳ್ಳಿ. ದಿನಕ್ಕೊಮ್ಮೆಯಾದರೂ ಪೂರ್ತಿ ನಿದ್ದೆ ಹತ್ತುವ ಮುನ್ನ, ಕಣ್ಣು ತೂಗುತ್ತಿರುವಾಗಲೇ ತೊಟ್ಟಿಲಿಗೆ ಹಾಕಿ ನೋಡಿ. ಆಗದಿದ್ದರೆ ಬಿಡಿ, ಇನ್ನೊಂದು ದಿನ ಆದೀತು.

ಅಜ್ಜಿಯ ಪ್ರೀತಿಯನ್ನು ನಾನು ಗೌರವಿಸುತ್ತೇನೆ, ಆದರೆ ಸಾಸಿವೆ ದಿಂಬನ್ನು ತೆಗೆದಿಡಿ. ಮೊದಲ ವರ್ಷ ಮಗುವಿಗೆ ದಿಂಬಿಲ್ಲದ, ಸಮತಟ್ಟಾದ, ಗಟ್ಟಿ ಹಾಸಿಗೆಯೇ ಸುರಕ್ಷಿತ. ಪ್ರತಿ ನಿದ್ದೆಗೂ ಅಂಗಾತ ಮಲಗಿಸಬೇಕು. ಅಮೆರಿಕದ ಶಿಶುವೈದ್ಯರ ಅಕಾಡೆಮಿ 1992ರಲ್ಲಿ ಬೋರಲು ಮಲಗಿಸಬೇಡಿ ಎಂದು ಸಲಹೆ ಕೊಟ್ಟ ಮೇಲೆ ಅಲ್ಲಿ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ತಲೆ ದುಂಡಗಾಗಲೆಂಬ ಆಸೆಗೆ ಎಚ್ಚರವಿದ್ದಾಗ, ನಿಮ್ಮ ಕಣ್ಣೆದುರಿನಲ್ಲಿ ಸ್ವಲ್ಪ ಹೊತ್ತು ಬೋರಲು ಮಲಗಿಸಿ ಆಡಿಸಿದರೆ ಸಾಕು. ಮರದ ತೊಟ್ಟಿಲು ಒಳ್ಳೆಯದೇ, ತಳ ಸಮವಿರಲಿ, ಒಳಗೆ ಗೊಂಬೆ, ಕೌದಿ, ಸಡಿಲ ಹೊದಿಕೆ ಬೇಡ. ಸೀರೆಯ ಜೋಲಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ಒತ್ತುವುದರಿಂದ ಉಸಿರಿಗೆ ತೊಂದರೆಯಾಗಬಹುದು. ಮಗುವಿನ ತೊಟ್ಟಿಲು ಕನಿಷ್ಠ ಆರು ತಿಂಗಳು ನಿಮ್ಮ ಕೋಣೆಯಲ್ಲೇ, ನಿಮ್ಮ ಕೈಗೆಟುಕುವಂತಿರಲಿ.

ಬಜೆ ನಿಲ್ಲಿಸಿ. ಗ್ರೈಪ್ ವಾಟರ್, ಜೇನುತುಪ್ಪ ಯಾವುದೂ ಬೇಡ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು. ಸಾಂಬ್ರಾಣಿ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಮಗು ಹಾಲು ಕುಡಿಯಲೂ ಏಳದಷ್ಟು ಮಂಕಾದರೆ, ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಮೂತ್ರ ಮಾಡಿದರೆ, ಅಥವಾ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಯದಾಗಿ ನಿಮ್ಮ ನಿದ್ದೆ. ಪತ್ರದಲ್ಲಿ ನೀವು ಅದರ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಹಗಲಲ್ಲಿ ಮಗು ಮಲಗಿದಾಗ ನೀವೂ ಮಲಗಿ, ಹಾಲೂಡಿಸಿದ ಮೇಲೆ ತೇಗು ಬರಿಸುವುದು, ಬಟ್ಟೆ ಬದಲಿಸುವುದು ಅಮ್ಮನೋ ಪತಿಯೋ ಮಾಡಲಿ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ ವೈದ್ಯರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಪುಟವನ್ನು ಅಜ್ಜಿಗೂ ಓದಿ ಹೇಳಿ, ಜೋಗುಳ ಹಾಡುವ ಕೆಲಸವನ್ನು ಅವರಿಗೇ ವಹಿಸಿ.